ಹಳೆ ಮಿಲ್ಲಿಂಗ್ ಮೆಷಿನ್ನಿನ ಹಲ್ಲುಗಳು

ಪೀಣ್ಯದ ಸಣ್ಣ ಶಾಪುಗಳಲ್ಲಿ ಎಚ್‌ಎಂಟಿ ಮಿಲ್ಲಿಂಗ್ ಮೆಷಿನ್ ಅಂದರೆ ಇವತ್ತಿಗೂ ಒಂದು ಗೌರವವಿದೆ. ಕಂಪನಿ ಬೆಂಗಳೂರಿನಲ್ಲಿ ಹುಟ್ಟಿದ್ದು 1953ರಲ್ಲಿ. ಮಿಲ್ಲಿಂಗ್ ಮೆಷಿನ್ನುಗಳ ತಂತ್ರಜ್ಞಾನ ಬಂದದ್ದು ಜರ್ಮನಿಯ ಫ್ರಿಟ್ಜ್ ವರ್ನರ್‌ನಿಂದ. ಗುಜರಿಗೆ ಬಿದ್ದ ಮೆಷಿನ್ನಿನಲ್ಲೂ ಎರಕದ ಮೈಗೆ ಏನೂ ಆಗಿರುವುದಿಲ್ಲ. ಕೈಕೊಟ್ಟಿರುವುದು ಒಳಗಿನ ಗೇರು. ನಾನು ತೂಕದ ಲೆಕ್ಕದಲ್ಲಿ ತಂದ ಮೆಷಿನ್ನಿನದೂ ಅದೇ ಕತೆ. ಫೀಡ್ ಹಾಕಿದರೆ ಒಂದೆರಡು ವೇಗದಲ್ಲಿ ಟೇಬಲ್ ಜರ್ಕ್ ಹೊಡೆಯುತ್ತಿತ್ತು, ಇನ್ನೊಂದರಲ್ಲಿ ಲಿವರ್ ತಾನಾಗಿಯೇ ಜಾರಿ ನ್ಯೂಟ್ರಲ್‌ಗೆ ಬರುತ್ತಿತ್ತು.

ಸವೆದ ಗೇರ್ ಕಂಡ ಕೂಡಲೇ ಹೊಸದು ಮಾಡಿಸುವ ಆತುರ ಎಲ್ಲರಿಗೂ ಇರುತ್ತದೆ. ನನ್ನ ಜೊತೆ ಕೆಲಸಕ್ಕೆ ಬರುತ್ತಿದ್ದ ಹಿರಿಯ ಫಿಟ್ಟರ್ ಅದಕ್ಕೆ ಬಿಡಲಿಲ್ಲ. ಎಲ್ಲ ಗೇರುಗಳನ್ನೂ ಡೀಸೆಲ್‌ನಲ್ಲಿ ತೊಳೆಸಿ, ಬಿಚ್ಚಿದ ಕ್ರಮದಲ್ಲೇ ಹಲಗೆ ಮೇಲೆ ಜೋಡಿಸಿಟ್ಟರು. ಒಂದೊಂದು ಹಲ್ಲಿನ ಮೇಲೂ ಹೆಬ್ಬೆರಳ ಉಗುರು ಎಳೆಯುತ್ತ, "ಸ್ವಾಮಿ, ಇದು ಹೇಗೆ ಸವೀತು ಅಂತ ಹೇಳಿ, ಆಮೇಲೆ ಗೇರ್ ಮಾಡ್ಸೋಣ" ಅಂದರು.

ಹಲ್ಲು ತಾನು ಹೇಗೆ ಸವೆಯಿತು ಅನ್ನುವುದನ್ನು ಬರೆದಿಟ್ಟುಕೊಂಡೇ ಇರುತ್ತದೆ. ತುದಿಗಳು ಮಾತ್ರ ಚಕ್ಕೆ ಎದ್ದಿದ್ದರೆ, ಮೆಷಿನ್ ತಿರುಗುತ್ತಿರುವಾಗಲೇ ಲಿವರ್ ತಳ್ಳಿದ್ದಾರೆ ಎಂದರ್ಥ. ಹಲ್ಲಿನ ನಡುಭಾಗದಲ್ಲಿ ಸಣ್ಣ ಸಣ್ಣ ಗುಳಿ ಬಿದ್ದಿದ್ದರೆ ಮಿತಿ ಮೀರಿದ ಲೋಡು. ಉದ್ದಕ್ಕೂ ಸಮನಾಗಿ, ಕನ್ನಡಿಯಂತೆ ಹೊಳೆಯುತ್ತ ತೆಳ್ಳಗಾಗಿದ್ದರೆ ಎಣ್ಣೆಯಲ್ಲಿ ಲೋಹದ ಪುಡಿ ಸೇರಿದೆ. ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಸವೆದಿದ್ದರೆ ತಪ್ಪು ಗೇರಿನದಲ್ಲ, ಅದನ್ನು ಹೊತ್ತ ಶಾಫ್ಟಿನ ಬುಷ್ ಹೋಗಿದೆ, ಶಾಫ್ಟ್ ಓರೆಯಾಗಿ ನಿಂತಿದೆ. ನಮ್ಮ ಫೀಡ್ ಬಾಕ್ಸಿನ ಗೇರು ಹೀಗೆ ಓರೆಯಾಗಿಯೇ ಸವೆದಿತ್ತು. ಗನ್‌ಮೆಟಲ್ ಬುಷ್ ಮೊಟ್ಟೆಯಾಕಾರಕ್ಕೆ ತಿರುಗಿತ್ತು, ಎಣ್ಣೆ ಪಂಪಿನ ಜಾಲರಿಗೆ ಕಪ್ಪು ಕೆಸರು ಕಟ್ಟಿತ್ತು. ಹಾಗೇ ಬಿಟ್ಟು ಹೊಸ ಗೇರ್ ಕೂರಿಸಿದ್ದರೆ ಅದೂ ಅದೇ ದಾರಿ ಹಿಡಿಯುತ್ತಿತ್ತು. ಬುಷ್ ಮತ್ತು ಪಂಪ್ ಮೊದಲು, ಗೇರ್ ಆಮೇಲೆ.

ಇನ್ನು ಅಳತೆ. ಆ ಗೇರಿಗೆ 34 ಹಲ್ಲು, ಹೊರವ್ಯಾಸ 90 ಮಿ.ಮೀ. ಹಲ್ಲಿನ ಸಂಖ್ಯೆಗೆ ಎರಡು ಕೂಡಿಸಿ, ಹೊರವ್ಯಾಸವನ್ನು ಅದರಿಂದ ಭಾಗಿಸಿದರೆ ಮಾಡ್ಯೂಲ್ ಸಿಗುತ್ತದೆ: 90 ಭಾಗಿಸು 36, ಅಂದರೆ 2.5. ಲೆಕ್ಕ ಹೀಗೆ ಸರಿಯಾಗಿ ಕೂತರೆ ಗೇರು ಸಾಮಾನ್ಯ ಮಾಡ್ಯೂಲಿನದು. ಕೂರದಿದ್ದರೆ ಇಂಚಿನ ಡಿಪಿ (ಡಯಾಮೆಟ್ರಲ್ ಪಿಚ್) ಗೇರೋ, ಬೇಕೆಂದೇ ಅಳತೆ ತಿದ್ದಿದ ಗೇರೋ ಇರಬಹುದು; ಆಗ ಶಾಫ್ಟುಗಳ ನಡುವಿನ ದೂರವನ್ನೇ ಅಳೆದು ನೋಡಬೇಕು. ಹೊಸದರಲ್ಲಿ ಈ ಹಲ್ಲಿನ ದಪ್ಪ ಸುಮಾರು 3.92 ಮಿ.ಮೀ. ಗೇರ್ ಟೂತ್ ವರ್ನಿಯರ್ ಹಿಡಿದಾಗ ಸವೆದ ಬದಿಯಲ್ಲಿ ಅರ್ಧ ಮಿಲ್ಲಿಮೀಟರಿಗಿಂತ ಹೆಚ್ಚೇ ಹೋಗಿತ್ತು. ಕೇಸ್ ಹಾರ್ಡನಿಂಗ್ ಮಾಡಿದ ಇಂಥ ಗೇರಿನಲ್ಲಿ ಗಟ್ಟಿ ಪದರವೇ ಒಂದು ಮಿ.ಮೀ. ಒಳಗೆ ಇರುತ್ತದೆ. ಅದು ಕಳೆದ ಮೇಲೆ ಒಳಗಿನದು ಮೆದು ಉಕ್ಕು, ಆಮೇಲೆ ಸವೆತ ಓಟ ಹಿಡಿಯುತ್ತದೆ.

"ವೆಲ್ಡಿಂಗ್ ತುಂಬಿಸಿ ಫೈಲ್ ಹೊಡೀರಿ" ಅಂದವರು ಬಹಳ ಜನ. ಎರಕದ ಗೇರಿನ ನಿಧಾನದ ಕೆಲಸಕ್ಕೆ ಇಂಥ ರಿಪೇರಿ ನಡೆಯುತ್ತದೆ. ನಮ್ಮ ಶಾಪಿನ ಹಳೆ ಬೆಲ್ಟ್ ಲೇತಿನ ಬ್ಯಾಕ್ ಗೇರಿನಲ್ಲಿ ಮುರಿದ ಹಲ್ಲಿನ ಜಾಗಕ್ಕೆ ಸಾಲಾಗಿ ತೂತು ಕೊರೆದು, ಟ್ಯಾಪ್ ಹಾಕಿ, ಸ್ಟಡ್ ತಿರುಗಿಸಿ, ಅವನ್ನೇ ಹಲ್ಲಿನ ಆಕಾರಕ್ಕೆ ಫೈಲ್ ಮಾಡಿದ್ದೇವೆ, ಇನ್ನೂ ಓಡುತ್ತಿದೆ. ಹಾರ್ಡ್ ಮಾಡಿದ ಉಕ್ಕಿನ ಗೇರಿಗೆ ವೆಲ್ಡಿಂಗನ್ನು ನಾನು ಒಪ್ಪುವುದಿಲ್ಲ. ವೆಲ್ಡಿನ ಪಕ್ಕದ ಹಲ್ಲು ಮೆತ್ತಗಾಗುತ್ತದೆ ಇಲ್ಲವೇ ಬಿರುಕು ಬಿಡುತ್ತದೆ, ಬೋರ್ ಸೊಟ್ಟಗಾಗುತ್ತದೆ.

ಹೊಸ ಗೇರ್ ಮಾಡಿಸಲು ಅಡ್ಡಿಯಾದದ್ದು ಒಳಗಿನ ಸ್ಪ್ಲೈನ್. ಒಂದೇ ಒಂದು ಪೀಸಿಗೆ ಬ್ರೋಚ್ ಮಾಡಿಸುವುದು ದುಬಾರಿ. ಸ್ಪ್ಲೈನ್ ಇನ್ನೂ ಚೆನ್ನಾಗಿತ್ತು. ಹಾಗಾಗಿ ಹಬ್ ಉಳಿಸಿಕೊಂಡು ಹಲ್ಲನ್ನಷ್ಟೇ ಬದಲಿಸಿದೆವು. ಹಾರ್ಡ್ ಪದರವನ್ನು ಸಿಬಿಎನ್ ಇನ್ಸರ್ಟಿನಲ್ಲಿ ತೆಗೆದು, ಹಬ್ಬನ್ನು 66 ಮಿ.ಮೀ.ಗೆ ಟರ್ನ್ ಮಾಡಿದೆವು. ಹೊರಗಿನ ರಿಂಗಿಗೆ ಟಫನ್ ಮಾಡಿ ಬಂದ ಇಎನ್ 24 ಉಕ್ಕು. ಹಲ್ಲಿನ ಬುಡದ ಕೆಳಗೆ ರಿಂಗಿನ ದಪ್ಪ ಮಾಡ್ಯೂಲಿನ ಎರಡರಷ್ಟಾದರೂ ಉಳಿಯಬೇಕು. ನಮಗೆ 6 ಮಿ.ಮೀ. ಮೇಲೆಯೇ ಉಳಿಯಿತು. ರಿಂಗಿನ ಬೋರನ್ನು ಹಬ್ಬಿಗಿಂತ 0.05 ಮಿ.ಮೀ. ಚಿಕ್ಕದಾಗಿ ಇಟ್ಟೆವು. 200 ಡಿಗ್ರಿಗೆ ಕಾಯಿಸಿದರೆ ಆ ವ್ಯಾಸ 0.13 ಮಿ.ಮೀ.ನಷ್ಟು ಹಿಗ್ಗುತ್ತದೆ. ಒಲೆಯಿಂದ ಇಕ್ಕಳದಲ್ಲಿ ಹಿಡಿದು ತಂದ ರಿಂಗು ಹಬ್ಬಿನ ಮೇಲೆ ಸಲೀಸಾಗಿ ಇಳಿದು ಕೂತಿತು. ಕಣ್ಣು ಮಿಟುಕಿಸಿ ನೋಡುವಷ್ಟರಲ್ಲಿ ಕಚ್ಚಿಕೊಂಡಿತ್ತು. ಜಾಯಿಂಟಿನ ಮೇಲೆ ಡೋವೆಲ್ ಪಿನ್ನುಗಳನ್ನೂ ಹೊಡೆದೆವು.

ಹಲ್ಲು ಕತ್ತರಿಸಿದ್ದು ಇದಾದ ಮೇಲೆಯೇ. ಮೊದಲೇ ಕತ್ತರಿಸಿ ಆಮೇಲೆ ರಿಂಗ್ ಕೂರಿಸಿದರೆ ರನ್‌ಔಟ್ ಬರುತ್ತದೆ. ಪಕ್ಕದ ಶಾಪಿನ ಮಿಲ್ಲಿಂಗಿನಲ್ಲಿ ಇಂಡೆಕ್ಸಿಂಗ್ ಹೆಡ್ ಹಾಕಿ, ಪ್ರತಿ ಹಲ್ಲಿಗೂ ಹ್ಯಾಂಡಲ್ಲಿನ ಒಂದು ಪೂರ್ತಿ ಸುತ್ತು, ಮೇಲೆ 17 ತೂತಿನ ಸಾಲಿನಲ್ಲಿ 3 ತೂತು. ಮೊದಲು ಆಳಕ್ಕೆ ಹೋಗದೆ ಸುತ್ತಲೂ ಗೀರು ಮಾತ್ರ ಹಾಕಿಕೊಂಡೆವು. ಕೊನೆಯ ಗೀರಾದ ಮೇಲೆ ಇನ್ನೊಂದು ಸಲ ತಿರುಗಿಸಿದಾಗ ಕಟ್ಟರ್ ಮೊದಲನೇ ಗೀರಿನ ಮೇಲೇ ಬಂದು ನಿಂತಿತು. ಆಮೇಲೆ 5.6 ಮಿ.ಮೀ. ಆಳ. 34 ಹಲ್ಲಿಗೆ ಬೇಕಾದ ಕಟ್ಟರ್ 26ರಿಂದ 34 ಹಲ್ಲಿನವರೆಗೆ ಕತ್ತರಿಸುತ್ತದೆ, ಆದರೆ ಅದರ ಆಕಾರ ಸರಿಯಾಗಿ ಹೊಂದುವುದು 26ಕ್ಕೇ. ನಿಧಾನ ತಿರುಗುವ ಫೀಡ್ ಗೇರಿಗೆ ಇಷ್ಟು ವ್ಯತ್ಯಾಸ ನಡೆಯುತ್ತದೆ. ಸ್ಪಿಂಡಲ್ ಕಡೆಯ ಗೇರಿಗೆ ನಡೆಯುವುದಿಲ್ಲ, ಅದನ್ನು ಹಾಬಿಂಗ್ ಮಾಡಿಸಿ, ಹಾರ್ಡ್ ಮಾಡಿಸಿಯೇ ತರಬೇಕು.

ಜೊತೆಯ ಪಿನಿಯನ್ನನ್ನೂ ಬದಲಿಸಿದೆವು. ಸವೆದ ಪಿನಿಯನ್ ಹೊಸ ಗೇರನ್ನು ತನ್ನ ಹಾಗೆಯೇ ತಿಂದು ಬಿಡುತ್ತದೆ. ಎರಡೂ ಮುಖ ಒಂದೇ ಥರ ಇದ್ದ ಇನ್ನೊಂದು ಗೇರು ಒಂದೇ ಬದಿಯಲ್ಲಿ ಸವೆದಿತ್ತು, ಅದನ್ನು ತಿರುಗಿಸಿ ಹಾಕಿದ್ದಷ್ಟೇ; ಖರ್ಚಿಲ್ಲ. ಜಾರಿ ಸೇರುವ ಗೇರುಗಳ ಹಲ್ಲಿನ ಮೂತಿಯನ್ನು ಫಿಟ್ಟರ್ ತಾವೇ ಕೂತು ಫೈಲ್‌ನಲ್ಲಿ ದುಂಡಗೆ ಮಾಡಿದರು. ಈ ಕೆಲಸವನ್ನು ಹುಡುಗರ ಕೈಗೆ ಕೊಡಲಿಲ್ಲ. ಲಿವರ್ ಜಾರುತ್ತಿದ್ದದ್ದಕ್ಕೆ ಕಾರಣ ಗೇರೇ ಆಗಿರಲಿಲ್ಲ, ಸುಸ್ತಾಗಿದ್ದ ಡಿಟೆಂಟ್ ಸ್ಪ್ರಿಂಗ್.

ಹಳೆ ಮಿಲ್ಲಿಂಗ್ ಮೆಷಿನ್ ಕೊಳ್ಳುವ ಯೋಚನೆ ಇದ್ದವರು ಹೊಸ ಬಣ್ಣ ನೋಡಿ ಮರುಳಾಗಬೇಡಿ. ಫೀಡ್ ಬಾಕ್ಸಿನ ಮುಚ್ಚಳ ತೆಗೆಸಿ, ಟಾರ್ಚ್ ಬಿಟ್ಟು ಹಲ್ಲಿನ ತುದಿ ನೋಡಿ, ಡ್ರೈನ್ ಪ್ಲಗ್ ಬಿಚ್ಚಿಸಿ ಎಣ್ಣೆಗೆ ಒಂದು ಅಯಸ್ಕಾಂತ ಅದ್ದಿ, ಶಾಫ್ಟುಗಳನ್ನು ಕೈಯಲ್ಲಿ ಅಲ್ಲಾಡಿಸಿ ಬುಷ್ ಪ್ಲೇ ನೋಡಿ. ಮುಚ್ಚಳ ತೆಗೆಯಲು ಒಪ್ಪದವರಿಗೆ ಅಡ್ವಾನ್ಸ್ ಕೊಡಬೇಡಿ.