ಚಳಿಗಾಲದ ಮಂಜಿನಲ್ಲಿ ವಾಹನ ಚಾಲನೆ: ರೈತರು ಅನುಸರಿಸಬೇಕಾದ ಕ್ರಮಗಳು

ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರು ಹಾಗೂ ಸುತ್ತಲಿನ ಹಳ್ಳಿಗಳಲ್ಲಿ ಬೆಳಗಿನ ಜಾವ ಮಂಜು ಕವಿಯುವುದುಂಟು. ಅದೇ ಹೊತ್ತಿಗೆ ಟೊಮ್ಯಾಟೊ ಕ್ರೇಟುಗಳು ಕೋಲಾರದ ಮಾರುಕಟ್ಟೆಗೂ ಹಾಲು ಡೈರಿಗೂ ಹೊರಡುತ್ತವೆ. ತಿಂಗಳುಗಟ್ಟಲೆ ರೋಗ, ಕೀಟಗಳಿಂದ ಬೆಳೆಯನ್ನು ಕಾಪಾಡಿದ ರೈತನು ಮಾರುಕಟ್ಟೆಯ ದಾರಿಯಲ್ಲಿ ಅರ್ಧ ಗಂಟೆಯ ಅವಸರಕ್ಕಾಗಿ ಪ್ರಾಣವನ್ನೇ ಅಪಾಯಕ್ಕೆ ಒಡ್ಡಬಾರದು.

ಮಂಜು ಎಲ್ಲಿ, ಏಕೆ?

ಹಿಂಗಾರು ಮಳೆಯಿಂದ ನೆಲ ತೇವವಾಗಿದ್ದು, ಆಕಾಶ ಶುಭ್ರವಾಗಿ ಗಾಳಿ ನಿಂತ ರಾತ್ರಿಗಳಲ್ಲಿ ಭೂಮಿಯು ಬೇಗ ಶಾಖ ಕಳೆದುಕೊಳ್ಳುತ್ತದೆ. ನೆಲಕ್ಕೆ ತಾಗಿದ ಗಾಳಿ ತಣಿದು ಅದರಲ್ಲಿನ ತೇವಾಂಶ ಸಣ್ಣ ಹನಿಗಳಾಗುತ್ತದೆ. ಇದೇ ಮಂಜು. ತಣ್ಣನೆಯ ಗಾಳಿ ತಗ್ಗಿಗೆ ಇಳಿಯುವುದರಿಂದ ಕೆರೆ ಏರಿ, ಹಳ್ಳದ ಸೇತುವೆ, ನೀರಾವರಿ ತೋಟಗಳ ಪಕ್ಕದಲ್ಲಿ ಮಂಜು ದಟ್ಟವಾಗಿರುತ್ತದೆ. ದಿಣ್ಣೆಯ ಮೇಲೆ ಸ್ವಚ್ಛವಾಗಿ ಕಂಡ ರಸ್ತೆ ಏರಿಯ ಮೇಲೆ ಥಟ್ಟನೆ ಮಾಯವಾಗಬಹುದು. ಆದ್ದರಿಂದ ಏರಿಗೆ ಬರುವ ಮೊದಲೇ ವೇಗ ತಗ್ಗಿಸಬೇಕು.

ವೇಗದ ಲೆಕ್ಕ

ಅಪಾಯ ಕಂಡು ಬ್ರೇಕ್ ಒತ್ತಲು ಸುಮಾರು ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ವಾಹನ ಮುಂದಕ್ಕೆ ಓಡಿರುತ್ತದೆ. ಒಣ ರಸ್ತೆ, ಒಳ್ಳೆಯ ಬ್ರೇಕ್ ಇದ್ದರೂ ವಾಹನ ಪೂರ್ತಿ ನಿಲ್ಲಲು ಬೇಕಾದ ದೂರ ಸುಮಾರು ಹೀಗಿದೆ:

ಗಂಟೆಗೆ 20 ಕಿ.ಮೀ. ವೇಗದಲ್ಲಿ: 11 ಮೀಟರು
ಗಂಟೆಗೆ 40 ಕಿ.ಮೀ. ವೇಗದಲ್ಲಿ: 29 ಮೀಟರು
ಗಂಟೆಗೆ 60 ಕಿ.ಮೀ. ವೇಗದಲ್ಲಿ: 53 ಮೀಟರು

ರಸ್ತೆ ತೇವವಾಗಿದ್ದರೆ, ಟೈರು ಸವೆದಿದ್ದರೆ ಅಥವಾ ಬ್ರೇಕ್ ಇಲ್ಲದ ಟ್ರೈಲರಿನಲ್ಲಿ ಭಾರವಿದ್ದರೆ ಈ ದೂರ ಇನ್ನೂ ಹೆಚ್ಚುತ್ತದೆ. ಎದುರಿನ ವಾಹನವೂ ನಮ್ಮತ್ತಲೇ ಬರುತ್ತಿರುವುದರಿಂದ, ಕಣ್ಣಿಗೆ ಕಾಣುವ ದೂರದ ಅರ್ಧದೊಳಗೆ ನಿಲ್ಲಿಸಲು ಸಾಧ್ಯವಾಗುವಷ್ಟೇ ವೇಗದಲ್ಲಿ ಹೋಗಬೇಕು. ಸುಲಭದ ಅಳತೆ ರಸ್ತೆ ಬದಿಯ ವಿದ್ಯುತ್ ಕಂಬ. ಒಂದು ಕಂಬದ ಬಳಿ ಇದ್ದಾಗ ಮುಂದಿನ ಕಂಬ ಕಾಣದಿದ್ದರೆ ವೇಗ 20 ಕಿ.ಮೀ. ಮೀರಬಾರದು. ಹತ್ತು ಹೆಜ್ಜೆ ಮುಂದಿನದೂ ಕಾಣದಿದ್ದರೆ ರಸ್ತೆಯಿಂದ ಪೂರ್ತಿ ಹೊರಗೆ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಕಾಯುವುದೇ ಸರಿ.

ಹೊರಡುವ ಮೊದಲು

1. ಹೊಲದಲ್ಲಿ ತಿರುಗಿಸಲು ಬಿಡಿಸಿದ್ದ ಟ್ರ್ಯಾಕ್ಟರಿನ ಎಡ, ಬಲ ಬ್ರೇಕ್ ಪೆಡಲುಗಳನ್ನು ಚಿಲಕ ಹಾಕಿ ಜೋಡಿಸಿರಿ. ಒಂದೇ ಗಾಲಿಗೆ ಬ್ರೇಕ್ ಬಿದ್ದರೆ ಟ್ರ್ಯಾಕ್ಟರ್ ಪಕ್ಕಕ್ಕೆ ಎಳೆದು ಮಗುಚಬಹುದು.

2. ಟ್ರೈಲರಿನ ಹಿಂಭಾಗದಲ್ಲಿ ಕೆಂಪು ದೀಪ ಉರಿಯುತ್ತಿರಬೇಕು. ಹಿಂದೆ ಕೆಂಪು, ಮುಂದೆ ಬಿಳಿ ಪ್ರತಿಫಲನ ಪಟ್ಟಿ ಅಂಟಿಸಿ, ಅದರ ಮೇಲಿನ ಕೆಸರು ಒರೆಸಿರಿ. ಕ್ರೇಟು, ಹುಲ್ಲು, ಟಾರ್ಪಾಲು ಅದನ್ನು ಮುಚ್ಚದಿರಲಿ. ಎತ್ತಿನ ಗಾಡಿಗೂ ಈ ಪಟ್ಟಿ ಬೇಕು.

3. ಟ್ರೈಲರಿನ ಮೂಕಿಯ ಮೇಲಾಗಲಿ, ಸರಕಿನ ಮೇಲಾಗಲಿ ಯಾರನ್ನೂ ಕೂರಿಸಬಾರದು.

ರಸ್ತೆಯಲ್ಲಿ

ಪ್ರಖರ ದೀಪ ಹಾಕಿದರೆ ಬೆಳಕು ಮಂಜಿನ ಹನಿಗಳಿಗೆ ಬಡಿದು ಚಾಲಕನ ಕಣ್ಣಿಗೇ ಹಿಂತಿರುಗುತ್ತದೆ. ದೀಪವನ್ನು ತಗ್ಗಿಸಿ, ರಸ್ತೆಯ ಎಡ ಅಂಚನ್ನು ಗುರುತು ಮಾಡಿಕೊಂಡು ಸಾಗಬೇಕು. ಮುಂದಿನ ವಾಹನವನ್ನು ಹಿಂದೆ ಹಾಕಬಾರದು. ಇಳಿಜಾರಿನಲ್ಲಿ ಗೇರು ತೆಗೆದು ಬಿಡದೆ ಕಡಿಮೆ ಗೇರಿನಲ್ಲೇ ಇಳಿಯಬೇಕು. ಇಲ್ಲವಾದರೆ ಟ್ರೈಲರಿನ ಭಾರ ಟ್ರ್ಯಾಕ್ಟರನ್ನು ನೂಕುತ್ತದೆ. ಪಂಕ್ಚರ್ ಆದರೆ ವಾಹನವನ್ನು ಟಾರು ರಸ್ತೆಯಿಂದ ಕೆಳಗಿಳಿಸಿ, ಹಿಂದೆ ಕನಿಷ್ಠ 100 ಹೆಜ್ಜೆ ದೂರದಲ್ಲಿ ಕೆಂಪು ತ್ರಿಕೋನ ಫಲಕ ಇಡಬೇಕು. ಗಾಲಿಗೆ ಒಡ್ಡಿದ ಕಲ್ಲನ್ನು ರಸ್ತೆಯಲ್ಲೇ ಬಿಟ್ಟು ಹೋಗುವುದು ಹಿಂದೆ ಬರುವವನಿಗೆ ಗುಂಡಿ ತೋಡಿದಂತೆ. ಡೈರಿಗೆ ನಡೆದು ಹೋಗುವವರು ತಿಳಿ ಬಣ್ಣದ ಬಟ್ಟೆ ತೊಟ್ಟು, ಟಾರ್ಚ್ ಹಿಡಿದು, ಎದುರಿನ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಲಿ.

ರಸ್ತೆ ಕಣವಲ್ಲ

ಇದೇ ಕಾಲದಲ್ಲಿ ರಾಗಿ, ಹುರುಳಿಗಳನ್ನು ರಸ್ತೆಯ ಮೇಲೆ ಹರಡಿ ವಾಹನಗಳಿಂದ ತುಳಿಸುವ ರೂಢಿ ಇನ್ನೂ ಉಳಿದಿದೆ. ಇಬ್ಬನಿಯಲ್ಲಿ ನೆನೆದ ಹುಲ್ಲಿನ ಮೇಲೆ ದ್ವಿಚಕ್ರ ವಾಹನಗಳು ಜಾರುತ್ತವೆ. ಒಣ ಬಳ್ಳಿ ವಾಹನದ ಅಡಿಯ ಬಿಸಿ ಕೊಳವೆಗೆ ಸುತ್ತಿಕೊಂಡು ಬೆಂಕಿ ಹತ್ತುವುದೂ ಉಂಟು. ರಾಶಿಯ ಸುತ್ತ ಇಟ್ಟ ಕಲ್ಲುಗಳು ಮಂಜಿನಲ್ಲಿ ಕಾಣುವುದೇ ಇಲ್ಲ. ರೈತನಿಗೂ ಇದರಿಂದ ನಷ್ಟವೇ: ಕಾಳು ಒಡೆದು ಬಿತ್ತನೆಗೆ ಬಾರದು, ಕಲ್ಲು ಮಣ್ಣು ಬೆರೆತು ಬೆಲೆ ಕುಸಿಯುತ್ತದೆ. ನಾಲ್ಕಾರು ಮನೆಯವರು ಸೇರಿ ಒಕ್ಕಣೆ ಯಂತ್ರವನ್ನು ಬಾಡಿಗೆಗೆ ತರುವುದು ಅಥವಾ ಒಂದು ಗಟ್ಟಿ ಕಣ ಮಾಡಿಕೊಳ್ಳುವುದು ಮೇಲು.

ಕಾದರೆ ಮಾಲು ಕೆಡುವುದಿಲ್ಲ

ಟೊಮ್ಯಾಟೊವನ್ನು ಬಣ್ಣ ತಿರುಗುವ ಹಂತದಲ್ಲಿ, ಇಬ್ಬನಿ ಆರಿದ ಮೇಲೆ ಕೊಯ್ದು ನೆರಳಿನಲ್ಲಿಟ್ಟರೆ ಚಳಿಗಾಲದಲ್ಲಿ ಕೆಲವು ದಿನ ಗಟ್ಟಿಯಾಗಿಯೇ ಇರುತ್ತದೆ. ಹಿಂದಿನ ದಿನ ಸಂಜೆಯೇ ತುಂಬಿ ಸಿದ್ಧಪಡಿಸಿಕೊಂಡರೆ ಬೆಳಗಿನ ಅವಸರವೂ ತಪ್ಪುತ್ತದೆ. ಸಾಮಾನ್ಯವಾಗಿ ಬಿಸಿಲೇರುತ್ತಿದ್ದಂತೆ ಮಂಜು ಕರಗುತ್ತದೆ. ಆ ದಿನದ ಹರಾಜು ತಪ್ಪಿದರೂ ಮಾರನೆಯ ದಿನದ ಹರಾಜು ಇದ್ದೇ ಇದೆ. ಮನೆಯ ಯಜಮಾನನನ್ನು ಕಳೆದುಕೊಂಡ ಸಂಸಾರಕ್ಕೆ ಯಾವ ಮಾರುಕಟ್ಟೆಯೂ ಬೆಲೆ ಕಟ್ಟಿಕೊಡಲಾರದು. ಆದ್ದರಿಂದ ರೈತ ಬಾಂಧವರು ಈ ಹಂಗಾಮಿನಲ್ಲಿ ಬೀಜ, ಗೊಬ್ಬರದಷ್ಟೇ ಮುತುವರ್ಜಿಯಿಂದ ಟ್ರೈಲರಿನ ಹಿಂದಿನ ದೀಪವನ್ನೂ ನೋಡಿಕೊಳ್ಳಬೇಕು.