ತುಂಬಿದೊಡನೆ ನಿಲ್ಲುವ ಪೆಟ್ರೋಲು ನಳಿಗೆ

ನಮ್ಮ ಬೆಳ್ಳೂರು ಗಡಿಪ್ರದೇಶದ ಊರು. ಇಲ್ಲಿಯವರು ಕಾಸರಗೋಡಿಗೆ ಹೋಗುವಂತೆಯೇ ಗಡಿಯನ್ನು ದಾಟಿ ಪುತ್ತೂರಿಗೂ ಹೋಗಿಬರುತ್ತಾರೆ. ಎರಡು ರಾಜ್ಯಗಳ ತೆರಿಗೆ ಬೇರೆ ಬೇರೆಯಾದುದರಿಂದ ಪೆಟ್ರೋಲಿನ ಬೆಲೆಯೂ ಎರಡೂ ಕಡೆ ಒಂದೇ ಆಗಿರುವುದಿಲ್ಲ. ಬೆಲೆ ಕಡಮೆಯಿರುವಲ್ಲಿ ಕಾರಿನ ಟ್ಯಾಂಕನ್ನು ಕಂಠದವರೆಗೆ ತುಂಬಿಸಿಕೊಳ್ಳಬೇಕೆಂಬ ಆಸೆ ಸಹಜವೇ. ಆದರೆ ಟ್ಯಾಂಕು ತುಂಬುತ್ತಲೇ ನಳಿಗೆಯು ‘ಟಕ್’ ಎಂದು ಸದ್ದುಮಾಡಿ ತಾನೇ ನಿಂತುಬಿಡುತ್ತದೆ. ಟ್ಯಾಂಕು ತುಂಬಿತೆಂದು ಅದಕ್ಕೆ ತಿಳಿಸಿದವರು ಯಾರು?

ಮನೆಯಲ್ಲಿ ಲಾಳಿಕೆಯಿಟ್ಟು ಬಾಟಲಿಗೆ ಎಣ್ಣೆ ಹೊಯ್ಯುವಾಗ ನಾವು ಕಣ್ಣಿಟ್ಟು ನೋಡುತ್ತಿರಬೇಕಾಗುವುದು. ಕಣ್ಣು ತಪ್ಪಿದರೆ ಎಣ್ಣೆ ನೆಲದ ಪಾಲು. ನಳಿಗೆಗಾದರೋ ಕಣ್ಣಿಲ್ಲ. ಸಾಮಾನ್ಯವಾಗಿ ಈ ಕೆಲಸಕ್ಕೆ ವಿದ್ಯುತ್ತಿನ ನೆರವೂ ಬೇಕಿಲ್ಲ. ಅದು ನಂಬಿರುವುದು ಗಾಳಿಯನ್ನು.

ನಳಿಗೆಯ ತುದಿಯ ಬಳಿ ಒಂದು ಚಿಕ್ಕ ರಂಧ್ರವಿದೆ. ಅಲ್ಲಿಂದ ಸಪುರವಾದ ಕೊಳವೆಯೊಂದು ನಳಿಗೆಯೊಳಗೇ ಹಿಡಿಕೆಯವರೆಗೆ ಹೋಗುತ್ತದೆ. ಅಲ್ಲಿ ಪೆಟ್ರೋಲು ಒಂದು ಇಕ್ಕಟ್ಟಾದ ದಾರಿಯ ಮೂಲಕ ಹರಿಯುವಂತೆ ಏರ್ಪಾಡು ಮಾಡಿದ್ದಾರೆ. ತೋಡಿನ ನೀರು ಇಕ್ಕಟ್ಟಾದ ಸ್ಥಳದಲ್ಲಿ ವೇಗವಾಗಿ ಹರಿಯುವುದನ್ನು ನಾವೆಲ್ಲರೂ ನೋಡಿದ್ದೇವೆ. ಹೀಗೆ ವೇಗ ಹೆಚ್ಚಿದಲ್ಲಿ ದ್ರವದ ಒತ್ತಡವು ಕುಗ್ಗುತ್ತದೆ. ಈ ತತ್ತ್ವವನ್ನು ಡೇನಿಯಲ್ ಬೆರ್ನೂಲಿ ಎಂಬ ವಿಜ್ಞಾನಿಯು 1738ರಲ್ಲಿ ತನ್ನ ಗ್ರಂಥದಲ್ಲಿ ವಿವರಿಸಿದನು. ಇಕ್ಕಟ್ಟಾದ ಕೊಳವೆಗಳಲ್ಲಿ ಇದರ ಪರಿಣಾಮವನ್ನು ಇಟಲಿಯ ವೆಂಚುರಿಯು 1797ರಲ್ಲಿ ಪ್ರಕಟಿಸಿದನು. ಒತ್ತಡ ಕುಗ್ಗಿದ ಆ ಸ್ಥಳವು ಸಪುರ ಕೊಳವೆಯ ಮೂಲಕ ಗಾಳಿಯನ್ನು ಎಡೆಬಿಡದೆ ಹೀರುತ್ತಿರುತ್ತದೆ.

ಟ್ಯಾಂಕು ತುಂಬಿ ಪೆಟ್ರೋಲು ಮೇಲೇರಿ ರಂಧ್ರವನ್ನು ಮುಚ್ಚಿದಾಗ ಗಾಳಿಯ ದಾರಿ ಕಟ್ಟಿಹೋಗುವುದು. ಆದರೂ ಹೀರುವಿಕೆ ನಿಲ್ಲದು. ಆದುದರಿಂದ ಹಿಡಿಕೆಯೊಳಗಿನ ಒತ್ತಡವು ಥಟ್ಟನೆ ಇನ್ನಷ್ಟು ಇಳಿದು, ಅಲ್ಲಿರುವ ಮೆತ್ತನೆಯ ಪರದೆಯೊಂದನ್ನು ಎಳೆಯುವುದು. ಪರದೆಯೊಡನೆ ಕೊಂಡಿ ಕಳಚುವುದು. ಸ್ಪ್ರಿಂಗು ಕವಾಟವನ್ನು ಮುಚ್ಚುವುದು. ನಾವು ಕೇಳುವ ‘ಟಕ್’ ಎಂಬ ಸದ್ದು ಇದೇ.

ವಿದ್ಯಾರ್ಥಿಗಳು ಇದನ್ನು ಸುಲಭವಾಗಿ ಪರೀಕ್ಷಿಸಬಹುದು. ಪಾನಕ ಕುಡಿಯುವ ಒಂದು ಸ್ಟ್ರಾವನ್ನು ಬಾಯಲ್ಲಿಟ್ಟು ಗಾಳಿಯನ್ನು ಹೀರಿರಿ. ಹೀರುತ್ತಿರುವಂತೆಯೇ ಇನ್ನೊಂದು ತುದಿಯನ್ನು ಬೆರಳಿನಿಂದ ಮುಚ್ಚಿರಿ. ಕೂಡಲೇ ನಿಮ್ಮ ಕೆನ್ನೆಗಳು ಒಳಕ್ಕೆ ಸೆಳೆಯಲ್ಪಡುವುವು. ನಳಿಗೆಯ ಪರದೆಯೂ ನಿಮ್ಮ ಕೆನ್ನೆಯಂತೆಯೇ. ಆದರೆ ಪೆಟ್ರೋಲನ್ನು ಮಾತ್ರ ಎಂದೂ ಕೊಳವೆಯಿಟ್ಟು ಬಾಯಿಂದ ಹೀರಬಾರದು. ಅದು ಶ್ವಾಸಕೋಶವನ್ನು ಸೇರಿದರೆ ಪ್ರಾಣಕ್ಕೇ ಅಪಾಯ.

ಕೆಲವೊಮ್ಮೆ ಟ್ಯಾಂಕು ತುಂಬುವ ಮೊದಲೇ ನಳಿಗೆಯು ಪದೇ ಪದೇ ನಿಲ್ಲುವುದುಂಟು. ಡೀಸೆಲಿನ ನೊರೆ ಮೇಲೆದ್ದರೂ, ಟ್ಯಾಂಕಿನೊಳಗಿನ ಗಾಳಿ ಹೊರಬರುವ ದಾರಿ ಕಟ್ಟಿಕೊಂಡು ಎಣ್ಣೆ ಹಿಂದಕ್ಕೆ ಚಿಮ್ಮಿದರೂ ರಂಧ್ರವು ಮುಚ್ಚಿಹೋಗಬಹುದು. ಇದನ್ನು ಅಳತೆಯ ಮೋಸವೆಂದು ತಿಳಿಯಬೇಕಾಗಿಲ್ಲ. ಅಳತೆ ನಡೆಯುವುದು ಪಂಪಿನ ಪೆಟ್ಟಿಗೆಯಲ್ಲಿ, ನಳಿಗೆಯ ತುದಿಯಲ್ಲಲ್ಲ. ಅಳತೆಯ ಮೇಲೆ ಸಂದೇಹವಿದ್ದರೆ ಪಂಪಿನಲ್ಲಿಟ್ಟಿರುವ 5 ಲೀಟರಿನ ಮಾಪನ ಪಾತ್ರೆಯಲ್ಲಿ ಅಳೆದು ತೋರಿಸಲು ಕೇಳುವ ಹಕ್ಕು ಗಿರಾಕಿಗಿದೆ. ಬೈಕು, ಸ್ಕೂಟರುಗಳಿಗೆ ತುಂಬಿಸುವಾಗ ನಳಿಗೆಯ ತುದಿಯು ಅನೇಕ ವೇಳೆ ಬಾಯಿಯ ಮೇಲ್ಭಾಗದಲ್ಲೇ ಇರುವುದರಿಂದ, ಅಲ್ಲಿ ಕೆಲಸಗಾರನ ಕಣ್ಣೇ ಮುಖ್ಯ.

ನಳಿಗೆ ನಿಂತ ಮೇಲೂ “ಇನ್ನೂ ಸ್ವಲ್ಪ ಹಾಕಿ” ಎನ್ನುವ ಹಿರಿಯರಿದ್ದಾರೆ. ಟ್ಯಾಂಕಿನಲ್ಲಿ ಉಳಿಸಿರುವ ಖಾಲಿ ಸ್ಥಳವು ವ್ಯರ್ಥವಲ್ಲ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಏರಿದರೆ ಪೆಟ್ರೋಲು ಸುಮಾರು ನೂರರಲ್ಲಿ ಒಂದು ಪಾಲು ಹಿಗ್ಗುತ್ತದೆ. ನೆಲದಡಿಯ ತಂಪಿನಿಂದ ಬಂದ 40 ಲೀಟರು ಪೆಟ್ರೋಲು ಬಿಸಿಲಿನಲ್ಲಿ ಅಷ್ಟು ಕಾದರೆ ಹೆಚ್ಚುಕಡಮೆ 400 ಮಿಲಿಲೀಟರಿನಷ್ಟು ಹೆಚ್ಚು ಸ್ಥಳವನ್ನು ಬೇಡುವುದು. ಇದಲ್ಲದೆ ಈಗಿನ ಪೆಟ್ರೋಲು ಕಾರುಗಳಲ್ಲಿ ಆವಿಯನ್ನು ಹಿಡಿದಿಡಲು ಇದ್ದಲಿನ ಡಬ್ಬಿಯೊಂದಿದೆ. ಮಿತಿಮೀರಿ ತುಂಬಿಸಿದರೆ ಅದರೊಳಕ್ಕೆ ದ್ರವವೇ ನುಗ್ಗಿ ಅದು ಕೆಡಬಹುದು. ಹೊರಚೆಲ್ಲಿದ ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆಯೇ ಹರಡಿ ನಿಲ್ಲುತ್ತದೆ. ಒಂದು ಕಿಡಿ ತಗಲಿದರೆ ಸಾಕು, ಅನಾಹುತವಾಗುವುದು.

ಆದುದರಿಂದ ಮುಂದಿನ ಸಲ ‘ಟಕ್’ ಎಂಬ ಸದ್ದು ಕೇಳಿದಾಗ, ಕಾರಿನಲ್ಲಿ ಕುಳಿತ ಮಕ್ಕಳು ತಮ್ಮ ತಂದೆತಾಯಿಗಳಿಗೆ ಇದನ್ನು ವಿವರಿಸಲಿ; ಹಿರಿಯರೂ ಅದನ್ನು ಕೇಳಿ “ಸಾಕು” ಎನ್ನಲಿ. ಒಂದೆರಡು ರೂಪಾಯಿಯ ಉಳಿತಾಯಕ್ಕಿಂತ ಮನೆಮಂದಿಯೆಲ್ಲ ಸುರಕ್ಷಿತವಾಗಿ ಊರು ಸೇರುವುದು ದೊಡ್ಡದೆಂದು ನಾವು ತಿಳಿಯುತ್ತೇವೆ.