ಕೀವುಂಟು, ಸೋಂಕಿಲ್ಲ: ಕೆಲವು ಅಪೂರ್ವ ಚರ್ಮವ್ಯಾಧಿಗಳ ವಿಚಾರ

ಗಾಯದಲ್ಲಿ ಕೀವು ಕಂಡೊಡನೆ ನಮ್ಮ ಮನೆಗಳಲ್ಲಿ ಹುಟ್ಟುವ ಮೊದಲನೆಯ ಮಾತು "ನಂಜಾಯಿತು" ಎಂಬುದು. ಕೂಡಲೇ ಊಟದಲ್ಲಿ ಬದನೆಕಾಯಿ ನಿಷಿದ್ಧವಾಗುವುದು. ಅರಸಿನವೂ ಬೇವಿನ ಸೊಪ್ಪೂ ಹೊರಗೆ ಬರುವುವು. ಬಲ್ಲ ಹಿರಿಯರೊಬ್ಬರು, ಕುರುವು ಹಣ್ಣಾಗಿದೆ, ಕೊಯ್ಯಿಸಿ ಕೀವನ್ನು ತೆಗೆಯಿಸಿರಿ ಎಂದು ಬುದ್ಧಿ ಹೇಳುವರು. ಈ ಬುದ್ಧಿವಾದವು ಬಹುಮಟ್ಟಿಗೆ ಸರಿಯಾದದ್ದೇ. ಕುರುವಿನಲ್ಲಿ ಕೂಡಿದ ಕೀವು ಹೊರಗೆ ಹೋದ ಹೊರತು ನೋವು ಇಳಿಯದು, ಜ್ವರವೂ ಬಿಡದು. ಆದರೆ ಇದೇ ಬುದ್ಧಿವಾದವು ರೋಗಿಗೆ ಕುತ್ತಾಗಿ ಪರಿಣಮಿಸುವಂಥ ಕೆಲವು ವ್ಯಾಧಿಗಳುಂಟು. ಅವು ಅಪೂರ್ವವಾದವುಗಳು. ಅಪೂರ್ವವಾದುದರಿಂದಲೇ ಮನೆಯವರಿಗೂ, ಎಷ್ಟೋ ಸಾರಿ ವೈದ್ಯರಿಗೂ, ಅವುಗಳ ನೆನಪು ತಡವಾಗಿ ಬರುವುದು. ಆ ತಡದಿಂದಾಗುವ ಹಾನಿಯು ದೊಡ್ಡದಾದ ಕಾರಣ, ಅವುಗಳ ವಿಷಯವಾಗಿ ಈ ಸಂಚಿಕೆಯಲ್ಲಿ ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆಂದು ಮನಸ್ಸು ಮಾಡಿದೆವು.

ಕೀವೆಂದರೇನೆಂಬುದನ್ನು ಮೊದಲು ನೋಡೋಣ. ನಮ್ಮ ರಕ್ತದಲ್ಲಿ ಕೆಂಪು ಕಣಗಳಲ್ಲದೆ ಬಿಳಿಯ ಕಣಗಳೂ ಇವೆಯೆಂದು ತರಗತಿಯಲ್ಲಿ ಓದಿದ್ದು ಹಳೆಯ ವಿದ್ಯಾರ್ಥಿನಿಯರಿಗೆ ನೆನಪಿರಬಹುದು. ಆ ಬಿಳಿಯ ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ನ್ಯೂಟ್ರೋಫಿಲ್ ಎಂಬ ಜಾತಿಯವು. ಇವು ಎಲುಬಿನ ಮಜ್ಜೆಯಲ್ಲಿ ದಿನವೊಂದಕ್ಕೆ ಸುಮಾರು ಹತ್ತು ಸಾವಿರ ಕೋಟಿಯಷ್ಟು ಹುಟ್ಟಿ, ರೋಗಾಣುಗಳು ಹೊಕ್ಕ ಕಡೆಗೆ ಧಾವಿಸಿ, ಅವುಗಳನ್ನು ನುಂಗಿ, ತಾವೂ ಸಾಯುತ್ತವೆ. ಹೀಗೆ ಸತ್ತ ಕಣಗಳೂ ಕರಗಿದ ಮಾಂಸವೂ ಕೂಡಿದ ರಾಶಿಯೇ ಕೀವು. ಆದುದರಿಂದ ಕೀವು ತೋರಿಸುವುದು ನ್ಯೂಟ್ರೋಫಿಲ್ಲುಗಳು ಗುಂಪಾಗಿ ಬಂದಿವೆಯೆಂಬುದನ್ನು ಮಾತ್ರ. ಅವು ಯಾಕೆ ಬಂದವೆಂಬುದನ್ನು ಕೀವು ಹೇಳಲಾರದು. ಸಾಧಾರಣವಾಗಿ ಅವು ರೋಗಾಣುವನ್ನು ಅಟ್ಟಿಕೊಂಡೇ ಬರುವುವು. ಕೆಲವರ ಮೈಯಲ್ಲಿಯಾದರೋ ಶತ್ರುವೇ ಇಲ್ಲದ ಕಡೆಗೆ ದಂಡು ಬಂದಿಳಿದು, ತಾನು ಕಾಯಬೇಕಾದ ಊರನ್ನೇ ಸುಡತೊಡಗುವುದು.

ಈ ಗುಂಪಿನಲ್ಲಿ ಅತಿ ಕ್ರೂರವಾದದ್ದು ಪಯೋಡರ್ಮಾ ಗ್ಯಾಂಗ್ರಿನೋಸಂ. ೧೯೧೬ರಲ್ಲಿ ಫ್ರಾನ್ಸಿನ ಚರ್ಮವೈದ್ಯನಾದ ಲೂಯಿ ಬ್ರೋಕ್ ಎಂಬವನು ಇಂಥ ಹುಣ್ಣುಗಳನ್ನು ವರ್ಣಿಸಿದ್ದನು. ಈಗಿನ ಹೆಸರನ್ನು ಇಟ್ಟವರು ಅಮೇರಿಕದ ಮೇಯೋ ಚಿಕಿತ್ಸಾಲಯದ ಬ್ರನ್‌ಸ್ಟಿಂಗ್, ಗೋಕರ್ಮನ್, ಓಲಿಯರಿ ಎಂಬ ಮೂವರು. ಅದು ೧೯೩೦ರ ಮಾತು. ಅವರು ಕಂಡ ರೋಗಿಗಳು ಐದೇ ಮಂದಿ. ಅವರಲ್ಲಿ ನಾಲ್ವರಿಗೆ ದೊಡ್ಡ ಕರುಳಿನಲ್ಲಿ ಹುಣ್ಣಾಗುವ ಕಾಯಿಲೆಯೂ ಇತ್ತು. ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವೇ ಇದರ ಮೂಲವೆಂದು ಅವರು ಊಹಿಸಿದರು. ಹೆಸರಿನ ಮೊದಲ ಭಾಗಕ್ಕೆ ಚರ್ಮದ ಕೀವು ಎಂದೂ, ಎರಡನೆಯದಕ್ಕೆ ಕೊಳೆಯುವಂಥದು ಎಂದೂ ಅರ್ಥ. ಇದರಲ್ಲಿ ರೋಗಾಣುವಿನ ಸೋಂಕೂ ಇಲ್ಲ, ರಕ್ತಸಂಚಾರ ನಿಂತು ಅಂಗವು ಕೊಳೆಯುವ ಗ್ಯಾಂಗ್ರೀನೂ ಅಲ್ಲವೆಂದು ಆಮೇಲೆ ಸ್ಪಷ್ಟವಾಯಿತು. ಆದರೂ ಹೆಸರು ಹಾಗೆಯೇ ಉಳಿದುಕೊಂಡಿದೆ. ಈ ಹೆಸರಿನಿಂದ ಆದ ಕೇಡು ಸ್ವಲ್ಪವಲ್ಲವೆಂದು ನಮ್ಮ ಅಭಿಪ್ರಾಯ. ಯಾಕಂದರೆ ಹೆಸರನ್ನು ಕೇಳಿದ ಯಾರಿಗಾದರೂ ಕತ್ತಿಯೂ ಆ್ಯಂಟಿಬಯಾಟಿಕ್ಕೂ ನೆನಪಿಗೆ ಬಾರದಿರುವುದು ಹೇಗೆ?

ವರ್ಷವೊಂದಕ್ಕೆ ಹತ್ತು ಲಕ್ಷ ಜನರಲ್ಲಿ ೩ರಿಂದ ೧೦ ಮಂದಿಗೆ ಈ ರೋಗವು ಹೊಸದಾಗಿ ತಗಲುವುದೆಂದು ಎಣಿಸುತ್ತಾರೆ. ಇಪ್ಪತ್ತರಿಂದ ಐವತ್ತರ ವಯಸ್ಸಿನವರಲ್ಲಿ ಹೆಚ್ಚು. ಸ್ತ್ರೀಯರಲ್ಲಿ ತುಸು ಅಧಿಕ. ಮಕ್ಕಳಲ್ಲಿ ಬಹು ವಿರಳ. ಇದು ಒಬ್ಬರಿಂದೊಬ್ಬರಿಗೆ ಅಂಟತಕ್ಕದ್ದಲ್ಲ. ಆದಕಾರಣ ರೋಗಿಯ ತಟ್ಟೆ ಲೋಟಗಳನ್ನು ಬೇರೆಯಿಡುವುದೂ, ಹಾಸಿಗೆಯನ್ನು ದೂರ ಹಾಸುವುದೂ ಅವಳ ಮನಸ್ಸನ್ನು ನೋಯಿಸುವುದಕ್ಕಲ್ಲದೆ ಬೇರೊಂದಕ್ಕೂ ಪ್ರಯೋಜನವಿಲ್ಲ.

ರೋಗವು ತೋರಿಬರುವ ಕ್ರಮ ಹೀಗೆ. ಮೊಣಕಾಲಿನ ಕೆಳಗೆ, ಹೆಚ್ಚಾಗಿ ಮುಂಗಾಲಿನ ಎಲುಬಿನ ಮೇಲೆ, ಸೊಳ್ಳೆ ಕಚ್ಚಿದಂಥ ಒಂದು ಕೆಂಪು ಗುಳ್ಳೆ ಏಳುವುದು. ಒಂದೆರಡು ದಿನಗಳಲ್ಲಿ ಅದರ ತುದಿಯಲ್ಲಿ ಕೀವು ಕಾಣುವುದು. ನಾಲ್ಕು ದಿನಗಳೊಳಗೆ ಒಡೆದು ಹುಣ್ಣಾಗುವುದು. ಆಮೇಲಿನ ವೇಗವು ನೋಡುವವರನ್ನು ಗಾಬರಿಗೊಳಿಸತಕ್ಕದ್ದು. ಕೆಲವು ವೇಳೆ ಹುಣ್ಣಿನ ಅಂಚು ದಿನಕ್ಕೆ ಒಂದು ಸೆಂಟಿಮೀಟರಿಗೂ ಮೀರಿ ಮುಂದೆ ಸರಿಯುವುದು. ಆ ಅಂಚನ್ನು ಚೆನ್ನಾಗಿ ನೋಡಬೇಕು. ಅದು ನೇರಳೆ ಬಣ್ಣವಾಗಿ ಉಬ್ಬಿಕೊಂಡು, ಒಳಗಡೆ ಟೊಳ್ಳಾಗಿ, ಹೊಳೆಯ ನೀರು ಕೊರೆದ ದಡದ ಹಾಗೆ ಹುಣ್ಣಿನ ಮೇಲೆ ಚಾಚಿಕೊಂಡಿರುವುದು. ಸುತ್ತಲೂ ಕೆಂಪು. ನೋವಂತೂ ಹುಣ್ಣಿನ ಗಾತ್ರಕ್ಕೆ ಹೋಲಿಸಿದರೆ ಅತಿಯಾದದ್ದು. ಬಟ್ಟೆ ತಾಕಿದರೆ ಸಹಿಸಲಾಗದು. ವಾಸಿಯಾದ ಮೇಲೆ ಉಳಿಯುವ ಕಲೆಯೂ ವಿಚಿತ್ರವಾಗಿರುವುದು: ಮುದುರಿದ ತೆಳುಕಾಗದದಂತೆ, ಇಲ್ಲವೆ ಜರಡಿಯಂತೆ ತೂತು ತೂತಾಗಿ ಕಾಣುವುದು.

ಇನ್ನು ಮುಖ್ಯವಾದ ಮಾತಿಗೆ ಬರುತ್ತೇವೆ. ಈ ರೋಗವುಳ್ಳವರಲ್ಲಿ ಮೂರು ನಾಲ್ಕು ಮಂದಿಗೆ ಒಬ್ಬರಂತೆ, ಚರ್ಮಕ್ಕೆ ಪೆಟ್ಟು ಬಿದ್ದಲ್ಲೆಲ್ಲಾ ಹೊಸ ಹುಣ್ಣು ಏಳುವುದು. ವೈದ್ಯರು ಇದನ್ನು ಪ್ಯಾಥರ್ಜಿ ಎನ್ನುತ್ತಾರೆ. ಸೂಜಿ ಚುಚ್ಚಿದ ಸ್ಥಳ, ಕಲ್ಲು ತಾಗಿದ ಸ್ಥಳ, ಶಸ್ತ್ರಚಿಕಿತ್ಸೆಯ ಹೊಲಿಗೆ, ಯಾವುದಾದರೂ ಸಾಕು. ಹೊಟ್ಟೆ ಕೊಯ್ದು ಮಗುವನ್ನು ತೆಗೆದ ಬಾಣಂತಿಯೊಬ್ಬಳನ್ನು ಊಹಿಸಿಕೊಳ್ಳಿರಿ. ವಾರ ಹತ್ತು ದಿನಗಳಲ್ಲಿ ಹೊಲಿಗೆಯ ಗೆರೆ ಕೆಂಪಾಗಿ ಬಿಚ್ಚಿಕೊಳ್ಳುವುದು, ಕೀವು ಸುರಿಯುವುದು, ಜ್ವರ ಬರುವುದು, ರಕ್ತದಲ್ಲಿ ಬಿಳಿಯ ಕಣಗಳು ಏರುವುವು. ಇವೆಲ್ಲಾ ಸೋಂಕಿನ ಲಕ್ಷಣಗಳೇ ಸರಿ. ಶಸ್ತ್ರವೈದ್ಯನು ಸತ್ತ ಮಾಂಸವನ್ನು ಕೆರೆದು ತೆಗೆಯುವನು. ಎರಡು ದಿನದಲ್ಲಿ ಹುಣ್ಣು ಇನ್ನೂ ಅಗಲವಾಗುವುದು. ಪುನಃ ಕೆರೆಯುವನು, ಪುನಃ ಅಗಲವಾಗುವುದು. ಆ್ಯಂಟಿಬಯಾಟಿಕ್ಕುಗಳನ್ನು ಒಂದರ ಮೇಲೊಂದಾಗಿ ಬದಲಾಯಿಸಿದರೂ ಗುಣ ಕಾಣದು. ಕೀವನ್ನು ಪರೀಕ್ಷೆಗೆ ಕಳುಹಿಸಿದರೆ ರೋಗಾಣು ಬೆಳೆಯದು. ಇಂಥ ಪ್ರಸಂಗಗಳು ವೈದ್ಯಶಾಸ್ತ್ರದ ಪತ್ರಿಕೆಗಳಲ್ಲಿ ಪದೇ ಪದೇ ಪ್ರಕಟವಾಗಿವೆ. ಆದರೂ ಶಸ್ತ್ರವೈದ್ಯನನ್ನು ದೂರುವುದಕ್ಕೆ ನಾವು ಒಪ್ಪುವುದಿಲ್ಲ. ಯಾಕಂದರೆ ಮಾಂಸವನ್ನು ತಿನ್ನುವ ನಿಜವಾದ ಸೋಂಕು ಬೇರೊಂದುಂಟು; ಅದನ್ನು ತಾಸುಗಳೊಳಗೆ ಕೊಯ್ದು ತೆಗೆಯದಿದ್ದರೆ ಪ್ರಾಣವೇ ಹೋಗುವುದು. ಮೊದಲನೆಯ ಸಾರಿ ಕೊಯ್ದದ್ದು ಅಪರಾಧವಲ್ಲ. ಎರಡನೆಯ ಸಾರಿ ಹುಣ್ಣು ಬೆಳೆದಾಗ "ಇದು ಬೇರೇನಾದರೂ ಇರಬಹುದೇ, ಚರ್ಮತಜ್ಞರಿಗೆ ತೋರಿಸೋಣವೇ?" ಎಂದು ವಿನಯದಿಂದ ಕೇಳುವ ಹಕ್ಕು ಮನೆಯವರಿಗೆ ಉಂಟೆಂಬುದನ್ನೇ ನಾವು ಇಲ್ಲಿ ಒತ್ತಿ ಹೇಳುತ್ತೇವೆ.

ರೋಗನಿರ್ಣಯವು ಸುಲಭವಲ್ಲ, ಇದೇ ಎಂದು ಬೆರಳಿಟ್ಟು ತೋರಿಸುವ ರಕ್ತಪರೀಕ್ಷೆ ಒಂದೂ ಇಲ್ಲ. ಹುಣ್ಣಿನ ಅಂಚಿನಿಂದ ಒಂದು ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಕೊಯ್ದರೆ ಹೆಚ್ಚಾಗುವ ಹುಣ್ಣನ್ನು ಪರೀಕ್ಷೆಗೆಂದು ಕೊಯ್ಯಬಹುದೇ ಎಂದು ವಾಚಕರು ಕೇಳಬಹುದು. ಪ್ರಶ್ನೆಯು ನ್ಯಾಯವಾದದ್ದೇ. ಆದರೆ ಅಷ್ಟು ಸಣ್ಣ ಗಾಯದ ಅಪಾಯಕ್ಕಿಂತ, ತಪ್ಪು ರೋಗಕ್ಕೆ ತಿಂಗಳುಗಟ್ಟಲೆ ಮದ್ದು ಕೊಡುವ ಅಪಾಯವು ದೊಡ್ಡದು. ಆ ತುಣುಕಿನಲ್ಲಿ ನ್ಯೂಟ್ರೋಫಿಲ್ಲುಗಳು ಕಿಕ್ಕಿರಿದಿರಬೇಕು. ೨೦೧೮ರಲ್ಲಿ ಹಲವು ತಜ್ಞರು ಒಂದುಗೂಡಿ ಇದನ್ನೇ ಪ್ರಧಾನ ಲಕ್ಷಣವೆಂದು ಗೊತ್ತುಮಾಡಿ, ಇದರ ಸಂಗಡ ಎಂಟು ಉಪಲಕ್ಷಣಗಳನ್ನು ಹೇಳಿದರು. ಅವುಗಳಲ್ಲಿ ನಾಲ್ಕಾದರೂ ಕೂಡಿಬಂದರೆ ರೋಗವು ಇದೇ ಎನ್ನಬಹುದೆಂದು ಅವರ ಮತ. ಸೋಂಕು ಇಲ್ಲವೆಂಬ ಖಚಿತ, ಪೆಟ್ಟಿಗೆ ಏಳುವ ಹುಣ್ಣು, ಗುಳ್ಳೆಯು ನಾಲ್ಕು ದಿನದೊಳಗೆ ಒಡೆದದ್ದು, ಟೊಳ್ಳು ಅಂಚು, ಮೇಲೆ ಹೇಳಿದ ಕಲೆ ಮೊದಲಾದವು ಆ ಉಪಲಕ್ಷಣಗಳಲ್ಲಿ ಸೇರಿವೆ.

ಇದಕ್ಕೆ ಎದುರಾದ ತಪ್ಪೂ ಉಂಟು. ಬೇರೆ ಕಾರಣದ ಹುಣ್ಣುಗಳನ್ನು ಇದೇ ರೋಗವೆಂದು ಭ್ರಮಿಸಿ ಚಿಕಿತ್ಸೆಮಾಡಿದ ತೊಂಬತ್ತಕ್ಕೂ ಮಿಕ್ಕಿದ ರೋಗಿಗಳ ವೃತ್ತಾಂತವನ್ನು ೨೦೦೨ರಲ್ಲಿ ಅದೇ ಮೇಯೋ ಚಿಕಿತ್ಸಾಲಯದವರು ಪ್ರಕಟಿಸಿ ಎಚ್ಚರಿಸಿದರು. ನಮ್ಮ ದೇಶದಲ್ಲಿ ಈ ಎಚ್ಚರಿಕೆ ಇಮ್ಮಡಿ ಬೇಕು. ಚರ್ಮದ ಕ್ಷಯ, ಮಣ್ಣಿನಿಂದಲೂ ಮುಳ್ಳಿನಿಂದಲೂ ಒಳಹೊಗುವ ಶಿಲೀಂಧ್ರಗಳು, ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಉಬ್ಬಿದ ರಕ್ತನಾಳದ ಹುಣ್ಣು, ಇವೆಲ್ಲಾ ನಮ್ಮಲ್ಲಿ ಹೆಚ್ಚಾಗಿ ಕಾಣುವಂಥವು. ಚರ್ಮದ ಕ್ಷಯವನ್ನು ಇದೆಂದು ತಿಳಿದು ಸ್ಟಿರಾಯ್ಡ್ ಕೊಟ್ಟರೆ ಆಗುವ ಅನರ್ಥವನ್ನು ವಿವರಿಸಬೇಕಾಗಿಲ್ಲ. ಇದಲ್ಲದೆ, ಸುಮಾರು ಅರ್ಧದಷ್ಟು ರೋಗಿಗಳ ದೇಹದೊಳಗೆ ಇನ್ನೊಂದು ರೋಗವು ಅಡಗಿರುವುದು: ಕರುಳಿನ ಉರಿಯೂತ, ಕೀಲುವಾತ, ಇಲ್ಲವೆ ರಕ್ತಸಂಬಂಧವಾದ ಕಾಯಿಲೆ. ಆದುದರಿಂದ ವೈದ್ಯರು ಕಾಲನ್ನು ನೋಡುತ್ತಾ ಮಲದಲ್ಲಿ ರಕ್ತ ಹೋಗುವುದುಂಟೋ ಎಂದು ಕೇಳಿದರೆ ರೋಗಿಯು ನಾಚಿ ಮುಚ್ಚಿಡಬಾರದು. ನಮ್ಮ ಹೆಣ್ಣುಮಕ್ಕಳು ಹೀಗೆ ಮುಚ್ಚಿಡುವುದರಲ್ಲಿ ಮೊದಲಿಗರು.

ಚಿಕಿತ್ಸೆಯ ಸೂತ್ರವು, ತಪ್ಪಿ ನಡೆದ ದಂಡನ್ನು ಹಿಂದಕ್ಕೆ ಕರೆಯುವುದು. ಹುಣ್ಣು ಚಿಕ್ಕದಾಗಿದ್ದರೆ ಬಲವಾದ ಸ್ಟಿರಾಯ್ಡ್ ಮುಲಾಮು, ಇಲ್ಲವೆ ಟ್ಯಾಕ್ರೋಲಿಮಸ್ ಎಂಬ ಮುಲಾಮು ಸಾಕಾಗಬಹುದು. ಹಬ್ಬುತ್ತಿದ್ದರೆ ಪ್ರೆಡ್ನಿಸೊಲೋನ್ ಗುಳಿಗೆಯನ್ನೋ ಸೈಕ್ಲೋಸ್ಪೋರಿನನ್ನೋ ಕೊಡುವರು. ಇವೆರಡರಲ್ಲಿ ಯಾವುದು ಮೇಲೆಂದು ಬ್ರಿಟನ್ನಿನಲ್ಲಿ ೧೨೧ ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲವು ೨೦೧೫ರಲ್ಲಿ ಪ್ರಕಟವಾಯಿತು. ಆರು ತಿಂಗಳಾದ ಮೇಲೆ ಎರಡು ಗುಂಪಿನಲ್ಲಿಯೂ ನೂರಕ್ಕೆ ೪೭ ಮಂದಿಯ ಹುಣ್ಣು ವಾಸಿಯಾಗಿತ್ತು. ಒಂದು ಇನ್ನೊಂದಕ್ಕಿಂತ ಮೇಲಾಗಿ ಕಾಣಲಿಲ್ಲ. ಈ ಅಂಕಿಯಿಂದ ಇನ್ನೊಂದು ವಿಷಯವೂ ತಿಳಿಯುವುದು: ಆರು ತಿಂಗಳು ಕಳೆದರೂ ಅರ್ಧಕ್ಕಿಂತ ಹೆಚ್ಚು ಮಂದಿಗೆ ಹುಣ್ಣು ಪೂರ್ತಿ ಮುಚ್ಚಿರಲಿಲ್ಲ. ಹದಿನೈದು ದಿನಕ್ಕೆ ಬೇಸತ್ತು ವೈದ್ಯರನ್ನು ಬದಲಾಯಿಸುವವರು ಇದನ್ನು ಗಮನಿಸತಕ್ಕದ್ದು. ನೋವು ಇಳಿದು, ನೇರಳೆ ಅಂಚು ಮಾಸಿ ಚಪ್ಪಟೆಯಾದರೆ ಮದ್ದು ಹಿಡಿಯಿತೆಂದು ತಿಳಿಯಬಹುದು. ಗುಳಿಗೆಗೆ ಬಗ್ಗದಿದ್ದವರಿಗೆ ಇನ್‌ಫ್ಲಿಕ್ಸಿಮಾಬ್ ಎಂಬ ಮದ್ದನ್ನು ರಕ್ತನಾಳದ ಮೂಲಕ ಕೊಡುವುದುಂಟು. ಅದರ ಗುಣವು ೨೦೦೬ರ ಪರೀಕ್ಷೆಯೊಂದರಲ್ಲಿ ಸಿದ್ಧಪಟ್ಟಿತು. ಆದರೆ ಅದು ಮಲಗಿದ ಕ್ಷಯವನ್ನು ಎಬ್ಬಿಸಬಲ್ಲದು. ಆದಕಾರಣ ಮೊದಲು ಎದೆಯ ಕ್ಷಕಿರಣ ಚಿತ್ರವನ್ನೂ ಕ್ಷಯದ ಪರೀಕ್ಷೆಯನ್ನೂ ಮಾಡಿಸಲೇಬೇಕು. ಹುಣ್ಣಿನ ಮೇಲೆ ಅಂಟಿಕೊಳ್ಳದ ಪಟ್ಟಿಯನ್ನು ಮೃದುವಾಗಿ ಕಟ್ಟಬೇಕು. ಒಣಗಿದ ಬಟ್ಟೆಯನ್ನು ಕಿತ್ತೆಳೆಯುವುದೂ ಒಂದು ಪೆಟ್ಟೇ. ಒಮ್ಮೆ ಈ ರೋಗ ಬಂದವರು ಮುಂದೆ ಯಾವ ಶಸ್ತ್ರಚಿಕಿತ್ಸೆಗೆ ಹೋದರೂ, ಹಲ್ಲು ಕೀಳಿಸುವುದಕ್ಕಾದರೂ, ಅದನ್ನು ಮುಂಚಿತವಾಗಿ ತಿಳಿಸಬೇಕು.

ಎರಡನೆಯ ವ್ಯಾಧಿಯು ಮೈಯೆಲ್ಲಾ ಕೀವುಗುಳ್ಳೆಯೇಳುವ ಸೋರಿಯಾಸಿಸ್. ಸಾಧಾರಣ ಸೋರಿಯಾಸಿಸ್ ಹೊಟ್ಟು ಉದುರುವ ಕಾಯಿಲೆಯೆಂದು ಅನೇಕರು ಬಲ್ಲರು. ಈ ವಿಧದಲ್ಲಿಯಾದರೋ ಚಳಿಜ್ವರದೊಂದಿಗೆ ಚರ್ಮವು ಕೆಂಡದಂತಾಗಿ, ಸಾಸಿವೆಯಷ್ಟು ಸಣ್ಣ ಗುಳ್ಳೆಗಳು ಸಾವಿರಗಟ್ಟಲೆ ಎದ್ದು, ಒಂದರೊಳಗೊಂದು ಕೂಡಿ ಕೀವಿನ ಕೆರೆಗಳಾಗುವುವು. ಆ ಕೀವಿನಲ್ಲಿಯೂ ರೋಗಾಣುವಿಲ್ಲ. ೧೯೧೦ರ ಸುಮಾರಿಗೆ ಲಿಯೊ ಫಾನ್ ಝುಂಬುಷ್ ಇದನ್ನು ವರ್ಣಿಸಿದನು. ಇದು ಪ್ರಾಣಾಪಾಯದ ರೋಗ, ಮನೆಯಲ್ಲಿಟ್ಟು ನೋಡತಕ್ಕದ್ದಲ್ಲ. ಇದನ್ನು ಎಬ್ಬಿಸುವ ಕಾರಣಗಳಲ್ಲಿ ಒಂದು ನಮ್ಮ ಕೈಯಲ್ಲೇ ಇದೆ. ಸೋರಿಯಾಸಿಸ್ ಉಳ್ಳವರು ಸ್ಟಿರಾಯ್ಡ್ ಗುಳಿಗೆ ನುಂಗಿ, ಗುಣವಾಯಿತೆಂದು ಒಮ್ಮೆಲೇ ಬಿಟ್ಟರೆ ಈ ರೋಗವು ಭುಗಿಲೆದ್ದೀತು. ಹೆಸರಿಲ್ಲದ ಪುಡಿಯನ್ನು ಚರ್ಮಕ್ಕೆ ರಾಮಬಾಣವೆಂದು ಮಾರುವವರುಂಟು. ಅದರಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ತಿನ್ನುವವರಿಗೆ ಗೊತ್ತೇ ಆಗದು.

ಗರ್ಭಿಣಿಯರಿಗೂ ಇಂಥದೊಂದು ರೋಗ ಬರುವುದುಂಟು. ೧೮೭೨ರಲ್ಲಿ ವಿಯೆನ್ನಾದ ಫರ್ಡಿನಾಂಡ್ ಫಾನ್ ಹೆಬ್ರಾ ಐವರು ಗರ್ಭಿಣಿಯರಲ್ಲಿ ಇದನ್ನು ಕಂಡನು, ಹೆಚ್ಚಿನವರು ಬದುಕಲಿಲ್ಲ. ಈಗ ಹಾಗಿಲ್ಲ. ಕೊನೆಯ ಮೂರು ತಿಂಗಳುಗಳಲ್ಲಿ ತೊಡೆಸಂದು, ಕಂಕುಳುಗಳಲ್ಲಿ ಕೀವುಗುಳ್ಳೆಗಳು ಎದ್ದು ಹರಡಿದರೆ, ಉಷ್ಣವೆಂದು ಸುಮ್ಮನಿರದೆ ಆಸ್ಪತ್ರೆಗೆ ಹೋಗಬೇಕು. ರಕ್ತದ ಕ್ಯಾಲ್ಸಿಯಮ್ಮನ್ನೂ ಮಗುವಿನ ಬೆಳವಣಿಗೆಯನ್ನೂ ನೋಡುತ್ತಿರಬೇಕು. ಮುಂದಿನ ಬಸುರಿನಲ್ಲಿ ಮರುಕಳಿಸುವುದೂ ಉಂಟು. ಸೋರಿಯಾಸಿಸ್ಸಿಗೆ ಕೊಡುವ ಅಸಿಟ್ರೆಟಿನ್ ಎಂಬ ಮದ್ದು ಗರ್ಭದ ಶಿಶುವನ್ನು ವಿಕಲಗೊಳಿಸುವಂಥದು. ಅದನ್ನು ಬಿಟ್ಟ ಮೇಲೂ ಮೂರು ವರ್ಷ ಬಸುರಾಗಬಾರದು. ಮದುವೆಯ ವಯಸ್ಸಿನ ಮಗಳಿಗೆ ಅದನ್ನು ಬರೆದುಕೊಟ್ಟರೆ ತಾಯಿಯಾದವಳು ಇದನ್ನು ಅರಿತಿರಬೇಕು. ಈ ರೋಗದ ಬೇರು ೨೦೧೧ರಲ್ಲಿ ಸ್ವಲ್ಪಮಟ್ಟಿಗೆ ಗೊತ್ತಾಯಿತು: ಇಂಟರ್‌ಲ್ಯೂಕಿನ್ ೩೬ ಎಂಬ ಉರಿಯೂತದ ಸಂದೇಶವನ್ನು ಹಿಡಿದು ನಿಲ್ಲಿಸುವ ಕಡಿವಾಣವು ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ಮುರಿದಿರುತ್ತದೆ. ಆ ಸಂದೇಶವನ್ನು ತಡೆಯುವ ಸ್ಪೆಸೊಲಿಮಾಬ್ ಎಂಬ ಮದ್ದಿಗೆ ೨೦೨೨ರಲ್ಲಿ ಅಮೇರಿಕದಲ್ಲಿ ಅನುಮತಿ ದೊರೆಯಿತು. ಅದಕ್ಕೆ ಆಧಾರವಾದ ಪರೀಕ್ಷೆಯಲ್ಲಿ ಒಂದು ವಾರದೊಳಗೆ ಅರ್ಧಕ್ಕಿಂತ ಹೆಚ್ಚು ಮಂದಿಯ ಮೈಯಲ್ಲಿ ಕಣ್ಣಿಗೆ ಕಾಣುವ ಗುಳ್ಳೆಯೇ ಉಳಿದಿರಲಿಲ್ಲ.

ಉಳಿದ ಎರಡನ್ನು ಸಂಕ್ಷೇಪವಾಗಿ ಹೇಳುತ್ತೇವೆ. ೧೯೬೪ರಲ್ಲಿ ಇಂಗ್ಲೆಂಡಿನ ರಾಬರ್ಟ್ ಸ್ವೀಟ್ ಎಂಬ ವೈದ್ಯನು ಎಂಟು ಮಂದಿ ಸ್ತ್ರೀಯರಲ್ಲಿ ಕಂಡ ರೋಗಕ್ಕೆ ಅವನ ಹೆಸರೇ ನಿಂತಿದೆ. ಸಕ್ಕರೆ ಕಾಯಿಲೆಗೂ ಇದಕ್ಕೂ ಸಂಬಂಧವಿಲ್ಲ. ಜ್ವರದೊಡನೆ ಮುಖ, ಕುತ್ತಿಗೆ, ತೋಳುಗಳಲ್ಲಿ ನೋವುಳ್ಳ ಕೆಂಪು ದದ್ದುಗಳು ಏಳುವುವು. ಪ್ರೆಡ್ನಿಸೊಲೋನ್ ಕೊಟ್ಟರೆ ಕೆಲವೇ ದಿನಗಳಲ್ಲಿ ಇಳಿಯುವುವು. ಆದರೂ ಕೆಲವರಲ್ಲಿ ಇದು ರಕ್ತದ ಕ್ಯಾನ್ಸರಿನ ಮುಂಗುರುತಾಗಿರುವುದರಿಂದ ರಕ್ತವನ್ನು ಪರೀಕ್ಷಿಸದೆ ಬಿಡಲಾಗದು. ಇನ್ನೊಂದನ್ನು ೧೯೫೬ರಲ್ಲಿ ಸ್ನೆಡನ್, ವಿಲ್ಕಿನ್ಸನ್ ಎಂಬವರು ವರ್ಣಿಸಿದರು. ಇದರ ಗುಳ್ಳೆಯ ಕೆಳಗಿನ ಅರ್ಧದಲ್ಲಿ ಕೀವು ತಂಗಿ, ಮೇಲಿನ ಅರ್ಧದಲ್ಲಿ ತಿಳಿನೀರು ನಿಂತಿರುವುದು. ಗುರುತಿಸುವುದಕ್ಕೆ ಇಷ್ಟು ಚೆಂದದ ಲಕ್ಷಣ ಬೇರೆ ರೋಗಕ್ಕೆ ಕಡಿಮೆ. ಇದಕ್ಕೆ ಮದ್ದು ಡ್ಯಾಪ್ಸೋನ್, ಎಂದರೆ ಕುಷ್ಠರೋಗದ ಆಸ್ಪತ್ರೆಗಳಲ್ಲಿ ಬಹುಕಾಲದಿಂದ ಕೊಡುತ್ತಾ ಬಂದ ಗುಳಿಗೆಯೇ. ನ್ಯೂಟ್ರೋಫಿಲ್ಲುಗಳ ಆವೇಶವನ್ನು ತಗ್ಗಿಸುವ ಗುಣವೂ ಅದಕ್ಕಿದೆ. ಮಗಳ ಚೀಟಿಯಲ್ಲಿ ಆ ಹೆಸರನ್ನು ಕಂಡು ಕುಷ್ಠವೆಂದು ಹೆದರಿ ಮದ್ದನ್ನು ಬಚ್ಚಿಡುವವರಿಗೆ ಇಷ್ಟು ಹೇಳಿದರೆ ಸಾಕು. ಡ್ಯಾಪ್ಸೋನ್ ತೊಡಗುವ ಮೊದಲು ಜಿ-೬-ಪಿಡಿ ಎಂಬ ಕಿಣ್ವದ ಪರೀಕ್ಷೆಯನ್ನು ಮಾಡಿಸಬೇಕು. ಆ ಕಿಣ್ವದ ಕೊರತೆಯುಳ್ಳವರಲ್ಲಿ ಈ ಮದ್ದು ಕೆಂಪು ಕಣಗಳನ್ನು ಒಡೆಯುವುದು.